ಕೇಸಿಗೆ ಕೊಟ್ಟ ಕಾರು

ಶ್ರೀಮಂತನಿಲ್ಲದ ಊರಿಲ್ಲ, ಅವನ ಬಾಗಿಲಿಗೆ ಕೇಳಿಕೊಂಡು ಬರುವವರಿಲ್ಲದ ದಿನವಿಲ್ಲ. ನಾನು ಹೇಳಹೊರಟ ಊರಲ್ಲೂ ಒಬ್ಬ ಸಾಹುಕಾರ ಇದ್ದ. ಮೆಣಸಿನಕಾಯಿ ವ್ಯಾಪಾರ, ಪೇಟೆಯಲ್ಲಿ ದೊಡ್ಡ ಅಂಗಡಿ, ಒಂದು ಬಿಳಿ ಕಾರು. ಹೆಸರು ಕೇಳಬೇಡಿ. ಹೆಸರು ಹೇಳಿದರೆ ನೀವು ಅವನನ್ನು ನೋಡುತ್ತೀರಿ, ನಿಮ್ಮನ್ನು ನೋಡಿಕೊಳ್ಳುವುದಿಲ್ಲ.

ಕೆಟ್ಟವನಲ್ಲ ಅವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವನ ಕಥೆ ಅಂದರೆ ನಮಗೆಲ್ಲ ಆರಾಮ, ಗೋಡೆಗೆ ಒರಗಿ ಕೂತು ಕೇಳುತ್ತೇವೆ. ಇವನು ಒಳ್ಳೆಯವನು. ಆದ್ದರಿಂದ ಸ್ವಲ್ಪ ನೆಟ್ಟಗೆ ಕೂತು ಕೇಳಿ.

ಅವನ ಅಂಗಡಿಯಲ್ಲಿ ಚೀಲ ಹೊರುವ ಒಬ್ಬ ಹಮಾಲ ಇದ್ದ. ಒಂದು ದಿನ ಬೈಕಿನ ಮೇಲೆ ಹೋಗುವಾಗ ಎಮ್ಮೆ ಅಡ್ಡ ಬಂತು, ಬಿದ್ದ, ತೊಡೆಯ ಎಲುಬು ಮುರಿಯಿತು. ಯಾರೂ ಗುದ್ದಿರಲಿಲ್ಲ. ಬೈಕಿನ ವಿಮೆ ಮುಗಿದು ವರ್ಷವಾಗಿತ್ತು. ಹೆಂಡತಿ ಅಳುತ್ತಾ ಸಾಹುಕಾರನ ಹತ್ತಿರ ಬಂದಳು. ಅವಳ ಹಿಂದೆ ಒಬ್ಬ ಏಜೆಂಟನೂ ಬಂದ. ವಕೀಲನಲ್ಲ, ಆದರೆ ಕೋರ್ಟಿನ ಅಂಗಳದಲ್ಲಿ ವಕೀಲರಿಗಿಂತ ಜಾಸ್ತಿ ಓಡಾಡುವವನು.

“ಸಾಹುಕಾರ್ರ, ನಿಮ್ಮ ಕಾರು ಕೇಸಿಗೆ ಕೊಡ್ರಿ” ಅಂದ.

“ಕೊಡೂದಂದ್ರ?”

“ಕಾರು ಮನ್ಯಾಗ ಇರ್ಲಿ. ಕಾಗದ ಕೊಡ್ರಿ ಸಾಕು. ನಿಮ್ಮ ಕಾರು ಬಡದು ಇವನ ಕಾಲು ಮುರೀತು ಅಂತ ಬರಸೂನು. ಇನ್ಸೂರೆನ್ಸ್ ಐತಿ, ಕಂಪನಿ ರೊಕ್ಕ ಕೊಡತೈತಿ. ನಿಮ್ಮ ಕಿಸೇದಿಂದ ಏನ್ ಹೋಗತೈತ್ರಿ?”

ನಿಮ್ಮ ಕಿಸೆಯಿಂದ ಏನು ಹೋಗುತ್ತದೆ! ನೋಡಿ, ಈ ಮಾತಿಗೆ ಬೀಳದ ಒಳ್ಳೆಯವನನ್ನು ನಾನು ಇನ್ನೂ ಕಂಡಿಲ್ಲ. ಬಿತ್ತನೆಗೆ ಎತ್ತು ಕೊಟ್ಟ ಜನ ನಾವು, ಮದುವೆಗೆ ಪಾತ್ರೆ ಕೊಟ್ಟ ಜನ. ಈಗ ಗಾಡಿಯನ್ನು ಕೇಸಿಗೆ ಕೊಡಲು ಕಲಿತಿದ್ದೇವೆ. ಅದಕ್ಕೆ ಉಪಕಾರ ಎಂದು ಹೆಸರನ್ನೂ ಇಟ್ಟಿದ್ದೇವೆ.

ಸಾಹುಕಾರ ಕೊಟ್ಟ. ಹನ್ನೆರಡು ದಿನ ಬಿಟ್ಟು ಪೊಲೀಸರಿಗೆ ದೂರು ಹೋಯಿತು. ತಪ್ಪು ಒಪ್ಪಿಕೊಂಡು ಸಣ್ಣ ದಂಡ ಕಟ್ಟಿದ. ಆಮೇಲೆ ಪರಿಹಾರದ ಕೋರ್ಟಿನಲ್ಲಿ ಪ್ರಮಾಣ ಮಾಡಿ, ಏಜೆಂಟ್ ಬಾಯಿಪಾಠ ಮಾಡಿಸಿದ್ದನ್ನು ಒಪ್ಪಿಸಿದ: “ನಾನು ಅವಸರದಲ್ಲಿದ್ದೆ, ಎದುರಿಗೆ ಬಂದವರು ಕಾಣಲಿಲ್ಲ.” ಸಾಕ್ಷಿಗೆ ಒಬ್ಬ ಚಹಾದಂಗಡಿಯವನು. “ಕಣ್ಣಾರೆ ನೋಡೇನ್ರಿ” ಅಂದ. ಅವನು ಆ ದಿನ ಆ ರಸ್ತೆಯಲ್ಲಿರುವುದಿರಲಿ, ಆ ಊರಲ್ಲೇ ಇರಲಿಲ್ಲ! ಆಸ್ಪತ್ರೆ ಚೀಟಿಯಲ್ಲಿ ‘ತಾನೇ ಬಿದ್ದದ್ದು’ ಎಂದಿತ್ತು, ಆಗ ಅದನ್ನು ಯಾರೂ ತಿರುವಿ ನೋಡಲಿಲ್ಲ. ಹಣ ಬಂತು. ಹಮಾಲ ಕಾಲಿಗೆ ಬಿದ್ದ. ಊರು “ದೇವರಂಥಾ ಮನಷ್ಯಾ” ಅಂತು.

ಹಾಗಾದರೆ ಆ ಹಣ ಯಾರದು? ಕಂಪನಿಯದೇ? ನಮ್ಮ ಹಿರಿಯರು ನೆಲದಲ್ಲಿ ಹಗೇವು ತೋಡಿ ಜೋಳ ತುಂಬುತ್ತಿದ್ದರು, ಕಂಡಿದ್ದೀರಲ್ಲ? ವಿಮೆ ಎಂದರೆ ಊರೆಲ್ಲ ಸೇರಿ ತುಂಬಿದ ಹಗೇವು. ಆಟೋದವನು ಹಾಕಿದ್ದಾನೆ, ಹಾಲಿನವನು ಹಾಕಿದ್ದಾನೆ, ನೀವೂ ಹಾಕಿದ್ದೀರಿ. ಯಾರ ಕೈಕಾಲು ನಿಜವಾಗಿ ಮುರಿಯುತ್ತದೋ ಅವರಿಗೆ ಅದರಿಂದ ತೆಗೆದುಕೊಡುವುದು. ಎಷ್ಟು ತೆಗೆದರು ಎಂದು ನೋಡಿಯೇ ಮುಂದಿನ ವಿಮೆಯ ಕಂತು ಎಷ್ಟೆಂದು ಗೊತ್ತುಮಾಡುವುದು. ಸುಳ್ಳು ಹೇಳಿ ಒಂದು ಚೀಲ ಎತ್ತಿದರೆ ಮುಂದಿನ ವರ್ಷ ಎಲ್ಲರೂ ಒಂದೊಂದು ಬೊಗಸೆ ಹೆಚ್ಚು ಸುರಿಯಬೇಕು. ಸಾಹುಕಾರನನ್ನು ನೋಡಿ ಊರಲ್ಲಿ ಇನ್ನೂ ನಾಲ್ಕಾರು ಜನ ಗಾಡಿ ಕೊಟ್ಟರು. ಕಂತು ಏರಿತು. ಆಟೋದವನೊಬ್ಬ ಅಂಗಡಿ ಮುಂದೆ ನಿಂತು, “ಇದೇನ್ರಿ ಸಾಹುಕಾರ್ರ, ದುಡದದ್ದೆಲ್ಲಾ ಇನ್ಸೂರೆನ್ಸಿಗೇ ಹೋಗಾಕತ್ತೈತಿ” ಅಂದರೆ, ನಮ್ಮ ಸಾಹುಕಾರ ಏನಂದ ಗೊತ್ತೇ? “ಕಂಪನಿಯವರು ಕಳ್ಳರಪಾ” ಅಂದ! ನಗಬೇಡಿ. ನೀವೂ ಅಂದಿದ್ದೀರಿ.

ಎರಡು ವರ್ಷ ಕಳೆಯಿತು.

ಅದೇ ಊರಲ್ಲಿ ಒಬ್ಬಳು ರೊಟ್ಟಿಯವಳಿದ್ದಳು. ಗಂಡನಿಲ್ಲ, ಇಬ್ಬರು ಹೆಣ್ಣುಮಕ್ಕಳು. ದಿನಕ್ಕೆ ಇನ್ನೂರು ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವಳು. ಅವಳ ಬಲಗೈಯೇ ಅವಳ ಹೊಲ, ಅವಳ ಬಲಗೈಯೇ ಅವಳ ಪಿಂಚಣಿ. ಒಂದು ಬೆಳಿಗ್ಗೆ ಗಿರಣಿಯಿಂದ ಹಿಟ್ಟು ಹೊತ್ತು ರಸ್ತೆ ದಾಟುತ್ತಿದ್ದಳು. ಸಾಹುಕಾರ ತಾನೇ ಕಾರು ನಡೆಸುತ್ತಾ ಫೋನಿನಲ್ಲಿ ಮೆಣಸಿನಕಾಯಿ ದರ ಮಾತಾಡುತ್ತಿದ್ದ. ಗುದ್ದಿಯೇಬಿಟ್ಟ. ರಸ್ತೆಯ ತುಂಬ ಹಿಟ್ಟು. ಹಿಟ್ಟಿನ ನಡುವೆ ಅವಳು. ಬಲಗೈ ಮಣಿಕಟ್ಟು ಪುಡಿಯಾಗಿತ್ತು.

ಓಡಿಹೋದನೇ? ಇಲ್ಲ. ಅವಳನ್ನೆತ್ತಿ ಅದೇ ಕಾರಿನಲ್ಲಿ ಆಸ್ಪತ್ರೆಗೆ ತಂದ. ಡಾಕ್ಟರು “ಹೇಗಾಯ್ತು?” ಎಂದು ಕೇಳಿದಾಗ ಸಾಹುಕಾರನಿಗೆ ಪೊಲೀಸರ ನೆನಪಾಯಿತು. ಬಾಯಿಂದ ಬಂದದ್ದು ಒಂದೇ ಮಾತು, “ಕಾಲು ಜಾರಿ ಬಿದ್ಲ್ರಿ.” ಡಾಕ್ಟರು ಬರೆದುಕೊಂಡರು. ನೋವಿನಲ್ಲಿದ್ದ ಅವಳಿಗೆ ಕೇಳಲಿಲ್ಲ. ಆಮೇಲೆ, ಹೆದರಿಕೆ ಇಳಿದು, ಅವಳಿಗೆ ಪರಿಹಾರ ಕೊಡಿಸಬೇಕೆಂದು ಸಾಹುಕಾರ ಅದೇ ಏಜೆಂಟನನ್ನು ಕರೆಸಿದ. “ಏನೂ ಚಿಂತಿ ಮಾಡಬ್ಯಾಡ್ರಿ, ದಾರಿ ಗೊತ್ತೈತಲ್ಲ” ಅಂದ ಅವನು. ಮತ್ತೆ ಹನ್ನೆರಡು ದಿನ ಬಿಟ್ಟು ದೂರು. ಮತ್ತೆ ಅದೇ ಚಹಾದಂಗಡಿಯ ಸಾಕ್ಷಿ. ನಿಜವಾಗಿ ಕಂಡಿದ್ದ ಗಿರಣಿಯವನೊಬ್ಬನಿದ್ದ. ಅವನನ್ನು ಕರೆದರೆ “ಕೋರ್ಟಿನ ಉಸಾಬರಿ ನಮಗ್ಯಾಕಪಾ” ಎಂದು ಒಳಗೆ ಹೋದ.

ತಪ್ಪು ಎಲ್ಲಿದೆ ಕಂಡಿತೇ? ಹಾದಿ ಸುಳ್ಳಿನದು, ಅದರ ಮೇಲೆ ಸತ್ಯವನ್ನು ನಡೆಸಿದರು.

ವಿಚಾರಣೆಯ ದಿನ ಬಂತು. ರೊಟ್ಟಿಯವಳು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಮಣಿಕಟ್ಟು ಸೊಟ್ಟಗೆ ಕೂಡಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ. ಖಾನಾವಳಿಯವರು ಬೇರೆಯವರ ಹತ್ತಿರ ರೊಟ್ಟಿ ತರಿಸುತ್ತಿದ್ದರು. ದೊಡ್ಡ ಮಗಳು ಶಾಲೆ ಬಿಟ್ಟು ಒಲೆಯ ಮುಂದೆ ಕೂತಿದ್ದಳು. ಪರಿಹಾರ ಬಂದರೆ ಆ ಹುಡುಗಿ ಮತ್ತೆ ಶಾಲೆಗೆ, ಬಾರದಿದ್ದರೆ ಒಲೆಗೆ.

ಸಾಹುಕಾರ ಕಟಕಟೆ ಹತ್ತಿ, ಪ್ರಮಾಣ ಮಾಡಿ, ನಡೆದದ್ದನ್ನು ಹೇಳಿದ. ಕಂಪನಿಯ ವಕೀಲ ಎದ್ದ. ಕೂಗಾಡಲಿಲ್ಲ. ಎರಡು ಫೈಲು ಪಕ್ಕಪಕ್ಕ ಇಟ್ಟ.

“ಹಿಂದಿನ ಕೇಸಿನಲ್ಲೂ ನಿಮ್ಮ ಕಾರೇ?”

“ಹೌದ್ರಿ.”

“ಇದೇ ಸಾಕ್ಷಿ?”

“ಹೌದ್ರಿ.”

“ಆಗಲೂ ಹನ್ನೆರಡನೇ ದಿನ ದೂರು, ಈಗಲೂ ಹನ್ನೆರಡನೇ ದಿನ. ಆಗ ಆಸ್ಪತ್ರೆ ಚೀಟಿಯಲ್ಲಿ ‘ತಾನೇ ಬಿದ್ದದ್ದು’ ಅಂತಿದೆ. ಈಗಲೂ ‘ಕಾಲು ಜಾರಿ ಬಿದ್ದದ್ದು’ ಅಂತಿದೆ. ನೀವೇ ಬರೆಸಿದ್ದು. ನ್ಯಾಯಾಧೀಶರೇ, ಈ ಹೆಣ್ಣುಮಗಳು ಎಲ್ಲೋ ಬಿದ್ದು ಕೈ ಮುರಿದುಕೊಂಡಿದ್ದಾಳೆ. ಇವರು ಎಂದಿನಂತೆ ಕಾರು ಕೊಟ್ಟಿದ್ದಾರೆ. ಈಕೆ ಸುಳ್ಳಿ.”

ಸುಳ್ಳಿ! ರೊಟ್ಟಿಯವಳು ಎದ್ದು ನಿಂತಳು. “ಯಪ್ಪಾ, ನಾ ಸುಳ್ಳು ಹೇಳಾಕತ್ತಿಲ್ರಿ” ಅಂದಳು. ಪೇದೆ ಕೂರಿಸಿದ.

ನ್ಯಾಯಾಧೀಶರು ಕನ್ನಡಕ ತೆಗೆದರು. “ಮೊದಲನೇ ಕೇಸಿನಲ್ಲಿ ನಿಮ್ಮ ಕಾರು ಗುದ್ದಿತ್ತೋ ಇಲ್ಲವೋ? ಹೇಳಿ.”

ಈಗ ಹೇಳಿ, ನೀವಾಗಿದ್ದರೆ ಏನನ್ನುತ್ತಿದ್ದಿರಿ? ಗುದ್ದಿತ್ತು ಎಂದರೆ ಹಮಾಲನ ಆಸ್ಪತ್ರೆಯ ಚೀಟಿ ಅವನನ್ನು ಸುಳ್ಳನೆನ್ನುತ್ತದೆ, ಅವನ ಜೊತೆಗೆ ಅವಳೂ ಮುಳುಗುತ್ತಾಳೆ. ಗುದ್ದಿರಲಿಲ್ಲ ಎಂದರೆ ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ಅವನಿಗೇ ಕೇಸು, ಹಮಾಲನ ಬಾಯಿಗೂ ಮಣ್ಣು. ಬಾಗಿಲಲ್ಲಿ ಏಜೆಂಟ್ ಸುಮ್ಮನಿರು ಎಂದು ಕೈ ಮಾಡುತ್ತಿದ್ದ. ಸಾಹುಕಾರ ಹಿಂದಿನ ಬೆಂಚಿನಲ್ಲಿದ್ದ ರೊಟ್ಟಿಯವಳ ಕಡೆ ನೋಡಿದ.

ಕೊನೆಗೆ ಅಂದ: “ಇಲ್ರಿ. ಅವತ್ತು ನನ್ನ ಕಾರು ಮನ್ಯಾಗಿತ್ರಿ. ಅವತ್ತು ಸುಳ್ಳು ಹೇಳೇನಿ. ಇವತ್ತು ಖರೇ ಹೇಳಾಕತ್ತೇನಿ.”

“ಅವತ್ತೂ ಪ್ರಮಾಣ ಮಾಡಿಯೇ ಹೇಳಿದ್ದಿರಿ” ಅಂದರು ನ್ಯಾಯಾಧೀಶರು. “ಇವತ್ತಿನದನ್ನು ಹೇಗೆ ನಂಬಲಿ?”

ಅದಕ್ಕೆ ಉತ್ತರ ಇದ್ದದ್ದು ಆ ಗಿರಣಿಯವನ ಹತ್ತಿರ. ಕಟಕಟೆಯಲ್ಲಿ ನಿಂತೇ ಸಾಹುಕಾರ ಕೈಮುಗಿದ: “ನನ್ನ ನಂಬಬ್ಯಾಡ್ರಿ. ಗಿರಣಿಯಂವನ ಕರಸ್ರಿ.”

ಕರೆಸಿದರು. ಬರಲು ಆರು ತಿಂಗಳು ತಗೊಂಡ, ಆದರೆ ಬಂದ, ಕಂಡದ್ದನ್ನು ಹೇಳಿದ. ಹಣ ಬಂದಾಗ ಗುದ್ದಿದ ದಿನದಿಂದ ಮೂರು ವರ್ಷವಾಗಿತ್ತು. ಆ ಹುಡುಗಿ ಮತ್ತೆ ಶಾಲೆಗೆ ಹೋದಳೇ? ಇಲ್ಲ. ಅವಳ ವಯಸ್ಸು ಶಾಲೆಗಾಗಿ ಕಾಯಲಿಲ್ಲ. ಸಾಹುಕಾರನ ಮೇಲೆ ಕೇಸಾಯಿತು. ಹಮಾಲನಿಗೆ ಸಿಕ್ಕಿದ್ದ ಹಣವನ್ನೂ ಅವನೇ ಕಂಪನಿಗೆ ತಿರುಗಿ ಕಟ್ಟಿದ.

ಒಂದು ದಿನ ರೊಟ್ಟಿಯವಳ ಮನೆಗೆ ಹೋಗಿ ತಪ್ಪಾಯಿತು ಎಂದ. ಅವಳು ಅಂದಳು: “ಕೈ ಮುರದದ್ದಕ್ಕ ನನಗ ಸಿಟ್ಟಿಲ್ರಿ. ಗಾಡಿ ಅಂದಮ್ಯಾಲ ಬಡೀತೈತಿ. ಆದ್ರ ಅಷ್ಟು ಮಂದಿ ಮುಂದ ನಾ ಸುಳ್ಳಿ ಆಗಿ ಕುಂತೆ ನೋಡ್ರಿ, ಅದನ್ನ ಯಾವ ಕಂಪನಿ ಕಟ್ಟಿಕೊಡತೈತ್ರಿ?”

ತಾಯಂದಿರೇ, ಅಣ್ಣಂದಿರೇ, ಇದನ್ನು ಇವತ್ತು ಯಾಕೆ ಹೇಳಿದೆ? ಹೋದ ಸೋಮವಾರ ಮಠಕ್ಕೆ ಒಬ್ಬರು ಬಂದಿದ್ದರು. ಅವರ ತಮ್ಮ ಬೈಕಿನಿಂದ ಬಿದ್ದು ಆಸ್ಪತ್ರೆಯಲ್ಲಿದ್ದಾನೆ, “ಬುದ್ಧಿ, ಮಠದ ಜೀಪು ಕೇಸಿಗೆ ಕೊಡ್ರಿ” ಎಂದರು. ನಿಜ ಹೇಳುತ್ತೇನೆ, ಕಾಗದ ತೆಗೆಯಲು ನಾನು ಪೆಟ್ಟಿಗೆಗೆ ಕೈ ಹಾಕಿದ್ದೆ. ನನ್ನ ಕಿಸೆಯಿಂದ ಏನು ಹೋಗುತ್ತದೆ ಎಂದುಕೊಂಡಿದ್ದೆ. ಅವರು ಇಲ್ಲೇ ಕೂತಿದ್ದಾರೆ. ಯಾರೂ ಹಿಂತಿರುಗಿ ನೋಡಬೇಡಿ! ಅವರು ಕೇಳಿದ್ದರಲ್ಲಿ ಕಪಟವಿರಲಿಲ್ಲ, ಸಂಕಟವಿತ್ತು.

ಅಪ್ಪಾ, ಜೀಪು ಕೊಡುವುದಿಲ್ಲ. ನಿನ್ನ ತಮ್ಮನ ಔಷಧದ ಖರ್ಚು ಮಠ ನೋಡಿಕೊಳ್ಳುತ್ತದೆ. ಮಠ ಎಂದರೆ ಯಾರು? ಇಲ್ಲಿ ಕೂತವರೇ. ಸುಳ್ಳು ಕಾಗದ ಕೊಡಲು ಧಾರಾಳವಾಗಿರುವ ಈ ಕೈಗಳು ಸ್ವಂತ ಕಿಸೆಗೂ ಒಮ್ಮೆ ಹೋಗಲಿ. ಇನ್ನು ಮುಂದೆ ಯಾರಾದರೂ ಗಾಡಿಯನ್ನು ಕೇಸಿಗೆ ಕೇಳಿದರೆ ಇಲ್ಲ ಅನ್ನಿ, ಅಂದವರೇ ಬುತ್ತಿ ಕಟ್ಟಿಕೊಂಡು ಆಸ್ಪತ್ರೆಗೂ ಹೋಗಿ. ಡಾಕ್ಟರ ಮುಂದೆ ನಡೆದದ್ದನ್ನೇ ಬರೆಸಿ. ರಸ್ತೆಯಲ್ಲಿ ಕಣ್ಣಾರೆ ಕಂಡಿದ್ದರೆ ಕರೆಯುವ ಮೊದಲೇ ಹೋಗಿ ಹೇಳಿ. ವಿಮೆ ಮುಗಿದ ಗಾಡಿಯಲ್ಲಿ ಈ ಮಠಕ್ಕೂ ಬರಬೇಡಿ, ನಡೆದು ಬನ್ನಿ.

ಇಲ್ಲಿಂದ ಏಳುವ ಮೊದಲು ಆ ತಮ್ಮನಿಗೆ ಎಷ್ಟು ಕೊಡುತ್ತೀರಿ, ಅದನ್ನು ಹೇಳಿ. ನಾನು ಕೂತಿರುತ್ತೇನೆ.