ಕೈ ಮರೆತ ಮೇಸ್ತ್ರಿ

ಒಂದು ಊರು. ಅಲ್ಲೊಬ್ಬ ಸಾಹುಕಾರ, ಅವನದೊಂದು ಅಕ್ಕಿ ಗಿರಣಿ. ಸಾಹುಕಾರನ ಮಾತು ಬಿಡಿ, ನಮಗೆ ಬೇಕಾದವನು ಅವನ ಮೇಸ್ತ್ರಿ ಯಂಕೋಬ. ಬಾಯ್ಲರಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತಿದ್ದ ಫಿಟ್ಟರ್ ಅವನು. ಅದಕ್ಕೇ ಅವನನ್ನು ಮೇಸ್ತ್ರಿ ಮಾಡಿದರು. ಆ ದಿನ ಹೆಂಡತಿ ಬಿಳಿ ಧೋತರ ಕೈಗಿಟ್ಟು, "ಇನ್ಮ್ಯಾಲೆ ಮಸಿ ಮುಟ್ಟಬ್ಯಾಡ್ರಿ ಮತ್ತ, ಮಂದಿ ನಗ್ತಾರ" ಎಂದಳು.

ಆ ಗಿರಣಿಯ ರೂಢಿಯೇ ಹಾಗಿತ್ತು, ನೋಡಿ. ಕೆಲಸ ಚೆನ್ನಾಗಿ ಕಲಿತವನಿಗೆ ಸಿಗುವ ಬಹುಮಾನ ಏನು? ಆ ಕೆಲಸವನ್ನು ಬಿಟ್ಟುಬಿಡುವುದು! ಒಂಬತ್ತು ವರ್ಷ ಯಂಕೋಬ ನಟ್ಟು ಬಿಚ್ಚುವ ಪಾನಾ ಹಿಡಿಯಲಿಲ್ಲ. ಏನು ಕೆಟ್ಟರೂ ಪೇಟೆಯಿಂದ ಮೆಕ್ಯಾನಿಕ್ ಬರುತ್ತಿದ್ದ. ಯಾರಿಗೂ ಕಲಿಸಲೂ ಇಲ್ಲ. ಕಲಿಸಬೇಕಾದರೆ ಮಸಿಯೊಳಗೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರಬೇಕಲ್ಲ?

ಒಂದು ಬೆಳಿಗ್ಗೆ ಬಾಯ್ಲರಿಗೆ ನೀರೆತ್ತುವ ಪಂಪು ನಿಂತಿತು. ತೊಟ್ಟಿಯಲ್ಲಿ ಕುಸುಬಲಕ್ಕಿ ಮಾಡಲೆಂದು ಊರಿನ ರೈತರ ಇನ್ನೂರು ಚೀಲ ಭತ್ತ ನೆನೆದು ಕೂತಿತ್ತು. ಅವರ ಮನೆಯ ವರ್ಷದ ಊಟ ಅದು. ಮಧ್ಯಾಹ್ನದೊಳಗೆ ಹಬೆ ಕೊಡದಿದ್ದರೆ ಹುಳಿ ಬರುತ್ತದೆ.

ನಿಲ್ಲುವ ಮುಂಚಿನ ಸದ್ದಿನಲ್ಲೇ ಯಂಕೋಬನಿಗೆ ತಿಳಿದಿತ್ತು, ಒಳಗಿನ ವಾಲ್ವು ಕಚ್ಚಿಕೊಂಡಿದೆ ಅಂತ. ತಿಳಿದೂ ನಿಂತೇ ಇದ್ದ.

"ಹುಲಿಗೆಪ್ಪಾ, ವಾಲ್ವು ಬಿಚ್ಚು" ಎಂದ.

ಬೆಂಕಿಗೆ ಹೊಟ್ಟು ಹಾಕುವ ಹುಲಿಗೆಪ್ಪ ಕಣ್ಣು ಕಣ್ಣು ಬಿಟ್ಟ. "ಎಲ್ಲೈತ್ರಿ ಅದು ಮೇಸ್ತ್ರಿ? ನನಗ್ಯಾರು ತೋರ್ಸ್ಯಾರ?"

ಭತ್ತ ಹರವಲು ಬಂದಿದ್ದ ದ್ಯಾವಮ್ಮ ಅಂಗಳದಿಂದಲೇ ಕೂಗಿದಳು: "ಯಾಕೋ ಯಂಕೋಬಣ್ಣ, ಧೋತ್ರಕ್ಕ ಮಸಿ ಹತ್ತತೈತೇನು? ತಾ ಇಲ್ಲಿ, ನಾ ಒಗದು ಕೊಡ್ತೀನಿ!"

ಎಲ್ಲರೂ ನಕ್ಕರು. ಆ ನಗೆಗೇ ಅಂಜಿ ಅವನು ಪೇಟೆಯ ಮೆಕ್ಯಾನಿಕ್ಕಿಗೆ ಫೋನು ಮಾಡಿದ. ಆ ಪುಣ್ಯಾತ್ಮ "ನಾಳೆ ಬರ್ತೀನ್ರಿ" ಎಂದ. ಹೊತ್ತು ಏರಿತು. ಕೊನೆಗೆ ತಡೆಯಲಾರದೆ ಯಂಕೋಬ ಧೋತರ ಎತ್ತಿಕಟ್ಟಿ ಕೂತ, ಪಾನಾ ಹಿಡಿದ. ತಲೆಗೆಲ್ಲ ನೆನಪಿದೆ, ಬೆರಳಿಗಿಲ್ಲ! ಎಷ್ಟು ಬಿಗಿ, ಎಲ್ಲಿ ಸಡಿಲ, ಬೆರಳು ಮರೆತಿದ್ದವು. ಒಮ್ಮೆ ಜಾರಿತು. ಮತ್ತೊಮ್ಮೆ ಜಾರಿತು. ಮೂರನೆಯ ಸಲ ಹಿತ್ತಾಳೆಯ ವಾಲ್ವು ಕಟಕ್ಕನೆ ಸೀಳಿಹೋಯಿತು.

ಇಳಿಹೊತ್ತಿಗೆ ಒಬ್ಬ ಮುದುಕ ರೈತ ತೊಟ್ಟಿಯಿಂದ ಬೊಗಸೆ ಭತ್ತ ಎತ್ತಿ ಮೂಸಿದ. "ಹುಳಿ ಬಂದೈತಿ" ಎಂದ, ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಯಂಕೋಬನಿಗೆ ಎಷ್ಟೋ ಹಗುರವಾಗುತ್ತಿತ್ತು.

ಈಗ ಹೇಳಿ, ಆ ಅನ್ನ ಕೆಡಿಸಿದ್ದು ಯಾರು? ಪಂಪೇ? ಯಂಕೋಬನೊಬ್ಬನೇ? ಮಸಿ ಕಂಡರೆ ನಗುವ ಮಂದಿ ಅಲ್ಲವೇ? ಆ ಮಂದಿ ಯಾರು? ನಾವೇ, ಅಣ್ಣಂದಿರೇ, ತಾಯಂದಿರೇ, ಇಲ್ಲಿ ಕೂತು ಕಥೆ ಕೇಳುವ ನಾವೇ. ನಾಡು ಯಾಕೆ ಮುಂದೆ ಬರಲಿಲ್ಲ ಎಂದು ಕಟ್ಟೆಯ ಮೇಲೆ ಕೂತು ಕೇಳುತ್ತೇವೆ. ಬಲ್ಲವನು ಮುಟ್ಟುವುದಿಲ್ಲ, ಮುಟ್ಟುವವನಿಗೆ ಯಾರೂ ಹೇಳಿಕೊಡುವುದಿಲ್ಲ. ಇಂಥ ನಾಡಿಗೆ ಎಷ್ಟು ಯಂತ್ರ ತಂದು ನಿಲ್ಲಿಸಿದರೇನು?

ಆದ್ದರಿಂದ ನಾಳೆಯಿಂದ ಒಂದು ಮಾತನ್ನು ಬಿಡಿ. ರಸ್ತೆ ಬದಿ ಪಂಕ್ಚರ್ ಹಾಕುವವನನ್ನು ತೋರಿಸಿ, "ಓದದಿದ್ದರೆ ಹೀಗೇ ಆಗ್ತೀಯ" ಎಂದು ಮಕ್ಕಳನ್ನು ಹೆದರಿಸುತ್ತೀರಲ್ಲ, ಆ ಮಾತು. ಅವನೂ ಕೇಳಿಸಿಕೊಳ್ಳುತ್ತಾನೆ. ಮತ್ತೆ, ನಿಮ್ಮಲ್ಲಿ ಯಾರು ಕುರ್ಚಿಗೆ ಏರಿದ್ದೀರೋ ಅವರು ವಾರಕ್ಕೊಂದು ದಿನ ಇಳಿಯಿರಿ. ಕೆಲಸ ಗೊತ್ತಿಲ್ಲದವನ ಪಕ್ಕ ಕೂತು, ಅವನ ಕೈ ಹಿಡಿದು ತೋರಿಸಿ. ಬಟ್ಟೆ ಕೊಳೆಯಾಗಲಿ.