ಬಾಲ ನೋಡಲಿಲ್ಲ

ಕನ್ನಡ ಸಂಘದ ಅಧ್ಯಕ್ಷರಾದ ನಟರಾಜ ಅವರೇ, ಇಂದು ಸನ್ಮಾನ ಸ್ವೀಕರಿಸಲಿರುವ ಡಾಕ್ಟರ್ ಶೇಷಾದ್ರಿ ಅಂಕಲ್, ಒಳಗಿನಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಅಂಕಲ್ ಬಗ್ಗೆ ಎರಡು ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ನಾನು ಹಳ್ಳಿ ಶಾಲೆಯಲ್ಲಿ ಹತ್ತನೇ ತರಗತಿಯವರೆಗೆ ಓದಿದವಳು, ಮೈಕ್ ಹಿಡಿದು ಅಭ್ಯಾಸವಿಲ್ಲ. ಆದರೆ ಅವರಿಗೆ ಕೊಡಲಿರುವ ಫಲಕದ ಮೇಲೆ ‘ಷಾರ್ಲಟ್‌ನಲ್ಲಿ ಬಿಳಿಬಾಲದ ಗಿಡುಗವನ್ನು ಪತ್ತೆ ಹಚ್ಚಿದವರು’ ಎಂದು ಬರೆಸಿದ್ದಾರೆ. ಅದು ನಿಜವಲ್ಲ. ತಪ್ಪು ನನ್ನದು. ಹೇಳದೆ ಹೋದರೆ ನನಗೆ ಊಟ ಸೇರುವುದಿಲ್ಲ.

ಅಂಕಲ್ ಅವರ ಹೆಂಡತಿ ಶಾರದಾ ಆಂಟಿ ತೀರಿಕೊಂಡ ವರ್ಷವೇ ಅಂಕಲ್ ಕಣ್ಣೂ ಮಂಜಾಗತೊಡಗಿತು. ಈ ಅಮೆರಿಕದಲ್ಲಿ ನನಗೆ ಕಾರು ಓಡಿಸಲು ಕಲಿಸಿದವರು ಅವರೇ. ಹಾಗಾಗಿ ಪ್ರತಿ ಶನಿವಾರ ಹಕ್ಕಿ ನೋಡಲು ಅವರನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ನಮ್ಮ ಯಜಮಾನರು ಲ್ಯಾಪ್‌ಟಾಪಿನಿಂದ ತಲೆ ಎತ್ತುವುದಿಲ್ಲ. ಏನು ಕಂಡೆ ಹೇಳಮ್ಮ ಎಂದು ನನ್ನನ್ನು ಕೇಳುವವರು ಅಂಕಲ್ ಒಬ್ಬರೇ. ಇರಲಿ, ಆ ಮಾತು ಈಗ ಬೇಡ.

ಹೋದ ವರ್ಷ ಮೇ ತಿಂಗಳು, ಊರಂಚಿನ ಬ್ಯಾಲಂಟೈನ್ ಬಡಾವಣೆಯ ಆಚೆಯ ಹುಲ್ಲುಗಾವಲಿನಲ್ಲಿ ಬಿಳಿ ತಲೆಯ ಗಿಡುಗವೊಂದು ನಮ್ಮ ನೆತ್ತಿಯ ಮೇಲೇ ಬಂತು. ಅಂಕಲ್‌ಗೆ ಬೆಳ್ಳನೆಯ ಮಸುಕು ಮಾತ್ರ ಕಂಡಿತು.

“ಬಾಲ ನೋಡು ವಸಂತಾ, ಬಾಲ,” ಎಂದರು.

ಬಾಲ ಕಪ್ಪಾದರೆ ಪ್ರತಿ ಬೇಸಿಗೆ ಇಲ್ಲಿಗೆ ಬರುವ ಗಿಡುಗ. ಬಿಳಿಯಾದರೆ ಈ ಸೀಮೆಗೆ ಬಹಳ ಅಪರೂಪದ್ದು, ಅಂಕಲ್ ನಲವತ್ತು ವರ್ಷ ಕಾದಿದ್ದ ಹಕ್ಕಿ. ಕಣ್ಣು ಪೂರ್ತಿ ಹೋಗುವ ಮೊದಲು ಅದನ್ನು ತಮ್ಮ ಹೆಸರಿನಲ್ಲಿ ದಾಖಲಿಸಬೇಕೆಂಬ ಆಸೆ ಅವರಿಗೆ.

ನಾನೇನು ಮಾಡಿದೆ? ಬಿಳಿ ತಲೆ ಕಂಡದ್ದೇ ತಡ, ಊರಿನಲ್ಲಿ ಬಿಳಿ ತಲೆಯ ಗರುಡ ಕಂಡಾಗ ಮಾಡಲು ನಮ್ಮವ್ವ ಕಲಿಸಿದಂತೆ ಕೈಮುಗಿದು, ಕಣ್ಣು ಮುಚ್ಚಿ, ಕೆನ್ನೆ ಮುಟ್ಟಿಕೊಂಡೆ. ಕಣ್ಣು ಬಿಟ್ಟಾಗ ಆಕಾಶ ಖಾಲಿ. ಕ್ಯಾಮೆರಾ ಕೊರಳಲ್ಲೇ ಇತ್ತು.

ಹಕ್ಕಿಗಳ ದಾಖಲೆ ನೋಡುವ ಸಮಿತಿಗೆ ವರದಿ ಬರೆಯಲು ಅವರ ಅಡುಗೆಮನೆಯಲ್ಲಿ ಕುಳಿತೆವು. ಅವರ ಮುಖ ನೋಡಲಾರದೆ, “ಬಿಳೀ ಅಂತ ಬರೆದುಬಿಡೋಣ ಅಂಕಲ್, ಯಾರು ಬಂದು ನೋಡ್ತಾರೆ?” ಎಂದೆ.

“ನೀನು ಅದಕ್ಕೆ ಕೈಮುಗಿದಿದ್ದೀಯಲ್ಲಮ್ಮ,” ಎಂದರು. “ಈಗ ಅದರ ಮೇಲೇ ಸುಳ್ಳು ಬರೀತೀಯಾ?”

ಆಮೇಲೆ ಅವರೇ ನಗುತ್ತಾ ಹೇಳಿದರು, ನಾನು ಬರೆದೆ: ಬಾಲ ನೋಡಲಿಲ್ಲ, ಆ ಹೊತ್ತಿನಲ್ಲಿ ಪ್ರಾರ್ಥಿಸುತ್ತಿದ್ದೆ. ಸಮಿತಿಯವರು ಒಪ್ಪಲಿಲ್ಲ. ಹೇಗೆ ಒಪ್ಪುತ್ತಾರೆ? ಆ ಸುದ್ದಿಯೇ ಬಾಯಿಂದ ಬಾಯಿಗೆ ಹೋಗಿ, ಈ ಫಲಕದಲ್ಲಿ ‘ಪತ್ತೆ ಹಚ್ಚಿದವರು’ ಎಂದಾಗಿದೆ. ಅಂಕಲ್ ಮಾತ್ರ ಇವತ್ತಿನವರೆಗೂ ನನ್ನನ್ನು ಒಂದು ಮಾತು ಅಂದಿಲ್ಲ.

ನಟರಾಜ ಅವರೇ, ಶಾಲು ಹೊದಿಸಿ, ಹಾರ ಹಾಕಿ. ಆ ಫಲಕವನ್ನು ಮಾತ್ರ ಕೊಡಬೇಡಿ. ಅದರಲ್ಲಿರುವುದನ್ನು ಓದಲು ಅವರಿಗೆ ಕಣ್ಣು ಕಾಣುವುದಿಲ್ಲ, ನಿಜ. ಓದಿ ಹೇಳು ಎಂದು ನನಗೇ ಹೇಳುತ್ತಾರೆ.

ಮತ್ತೆ ಮೇ ತಿಂಗಳು ಬಂದಿದೆ, ಈ ಶನಿವಾರವೂ ಹೋಗುತ್ತೇವೆ. ನಿಮ್ಮಲ್ಲಿ ಯಾರಾದರೂ ಒಬ್ಬರು ನಮ್ಮ ಜೊತೆ ಬನ್ನಿ, ಬಾಲ ನೋಡುವುದಕ್ಕೆ. ನನ್ನನ್ನು ನಂಬಬೇಡಿ, ಬಿಳಿ ತಲೆ ಕಂಡರೆ ಈಗಲೂ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ.

ಹಸಿವು ತಡೆದು ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.