ಮೂಸಿ ಕೊಟ್ಟ ಮಣ್ಣು

ಬೇಡ, ಬೇಡ, ಚಾಪೆ ಹಾಸ್ಬೇಡ ಮಂಗಮ್ಮ. ಕೂರಕ್ಕೆ ಬಂದೋನಲ್ಲ ನಾನು. ಈ ಜಗಲಿ ಅಂಚೇ ಸಾಕು... ನೀರಾ? ಕೊಡು, ನೀರು ಕುಡಿಯಕ್ಕೇನಂತೆ. ಗಾಡಿ ಹಳ್ಳದ ಆಚೆನೇ ನಿಲ್ಲಿಸ್ಬುಟ್ಟು ನಡ್ಕೊಂಡು ಬಂದೆ. ಏನು ಊರಮ್ಮ ನಿಮ್ದು! ಅಂಚೆಟ್ಟಿ ದಾಟಿದ್ಮೇಲೆ ರಸ್ತೆಗೇ ದಾರಿ ತಪ್ತದೆ.

ಒಂದು ಮಾತು ಮೊದ್ಲೇ ಹೇಳ್ಬುಡ್ತೀನಿ. ನಿನ್ನ ವಾಪಸ್ ಕರ್ಕೊಂಡೋಗಕ್ಕೆ ಬಂದಿದ್ದೀನಿ ಅಂದ್ಕೋಬೇಡ. ಮುನಿಯಲ್ಲಪ್ಪನ ಹಟ್ಟೀಲಿ ಕುರಿ ಗೊಬ್ಬರ ಐತೆ ಅಂದ್ರು, ನೋಡಕ್ಕೆ ಬಂದೆ. ದಾರೀಲಿ ನಿಮ್ಮನೆ ಸಿಕ್ತು, ಅಷ್ಟೆ... ಏನು, ಯಾಕಂಗೆ ಕೈ ತೋರಿಸ್ತೀಯ? ಮುನಿಯಲ್ಲಪ್ಪನ ಹಟ್ಟಿ ಆ ಗುಡ್ಡದ ಕಡೆಗಾ? ಗೊತ್ತು, ಗೊತ್ತು. ಸುತ್ತಾಕ್ಕೊಂಡು ಬಂದೆ. ಸುತ್ತಾಕ್ಕೊಂಡು ಬರಬಾರ್ದು ಅಂತ ಕಾನೂನು ಐತಾ?

ನಗು, ನಗು. ಹುಣಸೆ ಬೀಜ ಜಜ್ಜಿ ತೆಗೀತಾ ತೆಗೀತಾ ನಗು. ಬಾಯಿ ಮಾತ್ರ ಬಿಡಬೇಡ. ಈ ಮುತ್ತರಾಯಪ್ಪನ ಹತ್ರ ಮಾತಾಡಲ್ಲ ಅಂತ ಯಾವ ದೇವ್ರಿಗೆ ಆಣೆ ಇಟ್ಟಿದ್ದೀಯೋ... ಸರಿ, ಬಿಡು. ನಾನೇ ಮಾತಾಡ್ತೀನಿ. ಮೂವತ್ತು ವರ್ಷ ವ್ಯಾಪಾರ ಮಾಡ್ದೋನು, ಗೋಡೆ ಹತ್ರ ಮಾತಾಡಿಯೂ ಎರಡು ಮೂಟೆ ಮಾರ್ತೀನಿ.

ನೀನು ಹೋದ್ಮೇಲೆ ಅಂಗಡಿ ಬಾಗಿಲು ಹಾಕ್ಕೊಂಡು ಕೂತಿದ್ದೀನಿ ಅಂದ್ಕೊಂಡ್ಯಾ? ಇಲ್ಲ ಕಣಮ್ಮ. ಜೂಜುವಾಡಿ ರೋಡಲ್ಲಿ ಲಾರಿಗಳು ನಿಂತಷ್ಟು ಹೊತ್ತೂ ನನ್ನ ಬೋರ್ಡೇ ಓದ್ತಾರೆ ಜನ. ‘ಮೂಸಿ ಕೊಟ್ಟ ಮಣ್ಣು.’ ಕನ್ನಡದಲ್ಲೂ ಐತೆ, ತಮಿಳಲ್ಲೂ ಐತೆ. ಚೀಲದ ಮೇಲೂ ಅದೇ. ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದು, ಕಣ್ಮುಚ್ಚಿ, ‘ಹಾಂ, ಆಗೈತೆ, ತುಂಬ್ಕೊಳ್ಳಿ’ ಅಂತೀನಲ್ಲ, ಅದನ್ನ ನೋಡಕ್ಕೇ ಹೊಸೂರಿಂದ ಸ್ಕೂಟರ್ ಹಾಕ್ಕೊಂಡು ಬತ್ತಾರೆ. ಈಗ ಕುಂಡದ ಮಣ್ಣು ಕಲಸಕ್ಕೆ ಇಬ್ಬರು ಗಂಡಸರ್ನ ಇಟ್ಟಿದ್ದೀನಿ. ಗಟ್ಟಿ ಆಳುಗಳು. ಅಂಗಳನೂ ಚೊಕ್ಕ ಆಗೈತೆ. ನಿನ್ನ ಆ ಹೊಂಗೆ ಕಡ್ಡಿ ಕಾಟ ತಪ್ತು. ಗೊಬ್ಬರದ ರಾಶಿ ಮೇಲೆ ಕಡ್ಡಿ ನೆಡೋದು, ದೃಷ್ಟಿಗೋ ಏನೋ, ಕಾಲಿಗೆ ಚುಚ್ಚೋದು...

ಯಾಕೆ ಕೈ ನಿಲ್ಲಿಸ್ದೆ? ಜಜ್ಜು, ಜಜ್ಜು. ಸುಮ್ನೆ ಅಂದೆ.

ಅವತ್ತಿನ ಮಾತು ನಾನು ಎತ್ತಲ್ಲ. ಎತ್ತಲ್ಲ ಅಂದ್ರೆ ಎತ್ತಲ್ಲ... ಆದ್ರೂ ಕೇಳ್ತೀನಿ, ನೀನೇ ನ್ಯಾಯ ಹೇಳು. ಆ ಚಂದ್ರಲೇಖಮ್ಮ ಯಾರು? ನಲವತ್ತು ಮನೆ ಅಪಾರ್ಟ್‌ಮೆಂಟಿನ ಪರವಾಗಿ ಬಂದೋಳು. ನಲವತ್ತು ಮನೇಲೂ ಒಬ್ಬರೂ ಯಾವತ್ತೂ ಒಂದು ಗಿಡ ನೆಟ್ಟೋರಲ್ಲ. ಮಾಳಿಗೆ ಮೇಲೆ ತೋಟ ಮಾಡ್ತೀವಿ ಅಂತ ಹೊರಟೋರು. ಇನ್ನೂರು ಚೀಲ, ನಾಳೆ ಬೆಳಗ್ಗೆಗೆ. ನಾನು ಹಿಡಿ ಎತ್ತಿ ಮೂಸಿ ‘ಆಗೈತೆ’ ಅಂದೆ. ನೀನು ಸಲಿಕೆ ಹಿಡ್ಕೊಂಡು ನಿಂತಿದ್ದೋಳು ಏನಂದೆ? ‘ಅಣ್ಣ, ಘಾಟು ಇನ್ನೂ ಹೋಗಿಲ್ಲ, ಕಳಿಸ್ಬೇಡ’ ಅಂದೆ. ಗಿರಾಕಿ ಮುಂದೆ! ಅಲ್ಲಮ್ಮ, ಗಿರಾಕಿ ಹೋದ್ಮೇಲೆ ಹೇಳಿದ್ರೆ ಆಯ್ತಿರ್ಲಿಲ್ವಾ? ಕಣ್ಣಲ್ಲಿ ಸನ್ನೆ ಮಾಡಿದ್ರೆ ಆಯ್ತಿರ್ಲಿಲ್ವಾ?

‘ಇಲ್ಲಿ ಮೂಗು ಯಾರದ್ದು, ನಿಂದಾ ನಂದಾ? ಇಷ್ಟ ಇಲ್ದಿದ್ರೆ ಹೊರಡು’ ಅಂದೆ. ಅಂದೆ, ಇಲ್ಲ ಅನ್ನಲ್ಲ. ಹೊರಡು ಅಂದ್ರೆ ಹೊರಟೇಬುಡೋದಾ? ಹನ್ನೊಂದು ವರ್ಷ ಅಂಗಳದ ಹಿಂದಿನ ಷೆಡ್ಡಲ್ಲಿ ಇದ್ದೋಳು, ಸಲಿಕೆ ತೊಳ್ದು, ಗೋಡೆಗೆ ಒರಗಿಸಿ, ಸೀರೆ ಗಂಟು ಎತ್ಕೊಂಡು... ರಮಾದೇವಿ ಕೂಡ ನನ್ನ ಹೆಂಡ್ತಿಯಾಗಿ ಇಷ್ಟು ವರ್ಷದಲ್ಲಿ ಅಷ್ಟು ಗತ್ತಿನಿಂದ ಎದ್ದೋಗಿಲ್ಲ.

ಮುಂದೇನಾಯ್ತು ಅಂತ ಕೇಳ್ತಿದ್ದೀಯ. ಕಣ್ಣಲ್ಲೇ ಕೇಳ್ತಿದ್ದೀಯ, ನಂಗೆ ಗೊತ್ತಾಯ್ತದೆ. ಏನೂ ಆಗ್ಲಿಲ್ಲ. ನಾಲ್ಕು ಗಿಡ ಬಾಡಿದ್ವು... ಸರಿ, ನಾಲ್ಕಲ್ಲ. ನಲವತ್ತು ಮನೇದೂ. ಟೊಮೇಟೊ ಸಸಿ ನೆಟ್ಟ ಹತ್ತು ದಿನಕ್ಕೆ ಎಲೆ ಅಂಚು ಸುಟ್ಟಂಗಾಗಿ, ಕತ್ತು ಬಗ್ಗಿಸ್ಬುಟ್ವು. ಆದ್ರೆ ಕೇಳು, ಅದು ನನ್ನ ಮಣ್ಣಿಂದ ಅಂತ ಹೆಂಗೆ ಹೇಳ್ತೀಯ? ಹೊಸಬರು ನೀರು ಹಾಕೋದು ನೋಡಿದ್ದೀಯಾ? ಕೂಸಿಗೆ ಹಾಲು ಕುಡಿಸ್ದಂಗೆ ಮೂರು ಹೊತ್ತೂ ಹುಯ್ತಾರೆ. ಬುಡದಲ್ಲಿ ತೂತಿಲ್ಲದ ಬಕೆಟ್ಟಲ್ಲಿ ನೆಡ್ತಾರೆ. ಚಂದ್ರಲೇಖಮ್ಮ ಒಂದು ಗಿಡ ಕಿತ್ಕೊಂಡು ಬಂದು ಟೇಬಲ್ ಮೇಲೆ ಇಟ್ಳು. ‘ಅಣ್ಣಾ, ಚೆಡಿ ಎಲ್ಲಾಂ ಸೆತ್ತುಪ್ಪೋಚ್ಚು.’ ಗಿಡ ಎಲ್ಲ ಸತ್ತೋಯ್ತು ಅಂತ. ಬೇರು ನೋಡ್ದೆ. ಕಂದು ಬಣ್ಣ, ಬೆಂದೋಗಿತ್ತು.

ಬೆಂದೋಗಿತ್ತು ಅಂದ್ರೆ... ನೀರಿಂದಾನೂ ಕೊಳೀತದೆ, ಗೊತ್ತಲ್ಲ ನಿಂಗೆ.

ಸರಿ ಬಿಡು, ವಾದ ಬೇಡ. ಈ ಭಾನುವಾರ ನಲವತ್ತು ಜನಾನೂ ಅಂಗಳಕ್ಕೆ ಬತ್ತಾರೆ. ನಮ್ಮ ಕಣ್ಮುಂದೆ ಕಲಸು, ಯಾವ ರಾಶಿ ಆಗೈತೆ, ಯಾಕೆ ಆಗೈತೆ, ನಮ್ಮೆದುರಿಗೇ ಹೇಳು, ಅದನ್ನೇ ತಗೊಂಡೋಗಿ ನೆಡ್ತೀವಿ. ಇನ್ನೊಂದು ಸಲ ಸತ್ರೆ ನಿನ್ನ ಬೋರ್ಡ್ ಫೋಟೋ ಹೊಡೆದು ಹೊಸೂರಲ್ಲಿರೋ ಎಲ್ಲ ಫೋನಿಗೂ ಕಳಿಸ್ತೀವಿ ಅಂದ್ಳು ಚಂದ್ರಲೇಖಮ್ಮ. ಬರ್ಲಿ ಅಂದೆ! ನಂಗೇನು ಭಯ? ಬರ್ಲಿ, ನಲವತ್ತಲ್ಲ, ನಾನೂರು ಜನ ಬರ್ಲಿ.

ಏನು ಹೇಳ್ತೀನಿ ಅಂತ ಕೇಳು, ಬಾಯಿಪಾಠ ಐತೆ. ‘ನೋಡ್ರಮ್ಮ, ಕುಂಡದ ಗಿಡಕ್ಕೆ ಓಡೋಗಕ್ಕೆ ಜಾಗ ಇಲ್ಲ. ನೆಲದಲ್ಲಿದ್ರೆ ಬೇರು ಹುಡುಕ್ಕೊಂಡು ಹೋಯ್ತದೆ, ಕುಂಡದಲ್ಲಿ ನೀವು ಕೊಟ್ಟಿದ್ದೇ ಊಟ. ಬರೀ ಕೆಮ್ಮಣ್ಣು ತುಂಬಿದ್ರೆ ಒಂದು ತಿಂಗಳಿಗೆ ಇಟ್ಟಿಗೆ. ಅದಕ್ಕೇ ಮೂರು ಪಾಲು. ಜರಡಿ ಹಿಡ್ದ ಕೆಮ್ಮಣ್ಣು ಒಂದು ಪಾಲು. ತೆಂಗಿನ ನಾರಿನ ಪುಡಿ ಒಂದು ಪಾಲು, ಅದನ್ನ ಎರಡು ಸಲ ತೊಳ್ದು...’

ಮೂರಾ? ಬೆರಳು ಮೂರು ತೋರಿಸ್ತೀಯ. ಸರಿ, ಮೂರು ಸಲ. ಉಪ್ಪು ಹೋಗ್ಬೇಕು, ಹೌದು. ಬಾಯಿ ತಪ್ತು. ‘...ಮೂರು ಸಲ ತೊಳ್ದು ಹಿಂಡಿ. ಮೂರನೇ ಪಾಲು ಹಳೇ ಕೊಟ್ಟಿಗೆ ಗೊಬ್ಬರ. ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಕಲಸಿದ್ಮೇಲೆ ಮುಷ್ಟೀಲಿ ಅಮುಕಿ ನೋಡಿ. ಉಂಡೆ ಆಗ್ಬೇಕು, ಬೆರಳಲ್ಲಿ ತಟ್ಟಿದ್ರೆ ಬಿಚ್ಕೋಬೇಕು. ನೀರು ಸೋರಿದ್ರೆ ಜಾಸ್ತಿ ಒದ್ದೆ, ಉಂಡೆನೇ ಆಗ್ದಿದ್ರೆ ಒಣಗೈತೆ. ಎಲ್ಲಕ್ಕಿಂತ ಮುಖ್ಯ ಗೊಬ್ಬರ. ಅರ್ಧ ಆಗಿರೋ ಗೊಬ್ಬರ ಹಾಕಿದ್ರೆ ಬೇರು ಸುಡ್ತದೆ. ಆಗೈತೋ ಇಲ್ವೋ ಅಂತ ಹೆಂಗೆ ಗೊತ್ತಾಯ್ತದೆ? ಕಣ್ಣಿಗೆ ಗೊತ್ತಾಗಲ್ಲ, ಎರಡೂ ಕಪ್ಪು. ಕೈಗೆ ಗೊತ್ತಾಗಲ್ಲ, ಒಣಗಿದ್ರೆ ಎರಡೂ ತಣ್ಣಗೆ. ಮೂಗು! ಮೂಗೊಂದೇ...’

ಯಾಕೆ ಎದ್ದೆ? ಏ ಮಂಗಮ್ಮ! ಮಾತು ಅರ್ಧದಲ್ಲಿ ಬಿಟ್ಟು ಎಲ್ಲಿಗೆ ಓಡ್ತೀಯ... ಏನದು? ಹುರುಳಿಕಾಳು ಸೀದೋಯ್ತಾ? ಹೊಗೇನೂ ಕಾಣಿಸ್ಲಿಲ್ಲ... ಅಲ್ಲ, ಬಂತು, ವಾಸ್ನೆ ಬಂತು. ಆಗ್ಲೇ ಬಂತು. ಹೇಳೋಣ ಅಂದ್ಕೊಂಡೆ, ಮಾತಿನ ಭರದಲ್ಲಿ... ನಿನ್ನ ಸೊಸೆ ಕಲ್ಪನಾ ಒಳಗೇ ಇದ್ದಾಳೇನೋ ಅಂದ್ಕೊಂಡೆ. ಹಿತ್ಲಲ್ಲಿದ್ಳಾ? ಸರಿ ಬಿಡು, ತಳ ಮಾತ್ರ ತಾನೇ ಹಿಡ್ದಿರೋದು.

ಯಾಕಂಗೆ ನೋಡ್ತೀಯ? ಅಡುಗೆಮನೆ ಕಿಟಕಿ ಪಕ್ಕದಲ್ಲೇ ಕೂತಿದ್ದೀನಿ, ಹೌದು. ಕೂತಿದ್ರೆ? ನಿಮ್ಮನೆ ಪಾತ್ರೆ ಕಾಯೋದು ನನ್ನ ಕೆಲಸಾನಾ?

ಅದು ಬಿಡು. ಇಲ್ಲಿ ನೋಡು, ಬಂದಿದ್ದಕ್ಕೆ ಒಂದು ತಮಾಷೆ ತಂದಿದ್ದೀನಿ. ಎರಡು ಕವರ್. ಕೆಂಪು ದಾರ ಕಟ್ಟಿರೋದು ಬೇಲಿ ಕಡೆ ರಾಶಿ, ಬಿಳೀ ದಾರ ಬಾವಿ ಕಡೆ ರಾಶಿ. ಒಂದು ತಿಂಗಳು ಹುಣಸೆಹಣ್ಣು ಬಿಡಿಸ್ತಾ ಕೂತೋಳಿಗೆ ಕೈಚಳಕ ಉಳಿದೈತೋ ಇಲ್ವೋ ಪರೀಕ್ಷೆ ಮಾಡೋಣ ಅಂತ. ಯಾವುದು ಆಗೈತೆ ಹೇಳು ನೋಡೋಣ. ನಂಗೆ ಗೊತ್ತು! ನಂಗೆ ಗೊತ್ತಿಲ್ದೇ ಕೇಳ್ತೀನಾ? ಬೇಕಾದ್ರೆ ರಾಗಿ ಕಾಳು ಹಾಕಿ ಮೊಳಕೆ ನೋಡ್ಬೋದಿತ್ತು, ಅದಕ್ಕೆ ಐದಾರು ದಿನ ಬೇಕು, ಇವತ್ತು ಶುಕ್ರವಾರ... ಅಲ್ಲ, ಅದರ ಅಗತ್ಯ ಏನೈತೆ ನಂಗೆ? ಪರೀಕ್ಷೆ ನಿಂಗೆ.

ಮೂಸು... ಕವರ್ ಒಳಕ್ಕೆ ಯಾಕೆ ತಗೊಂಡೋಗ್ತೀಯ? ಬೆಳಕಲ್ಲೇ ನೋಡು... ಏ ಮಂಗಮ್ಮ! ಗೊತ್ತಾಯ್ತು ಬಿಡು, ನಿನ್ನ ಕೈಲಿ ಆಗಲ್ಲ ಅಂತ ಒಳಕ್ಕೋದೆ. ಒಪ್ಕೋ.

ಬಂದ್ಯಾ. ಏನಿದು, ಎರಡು ಮೊರ? ದಾರ ಎಲ್ಲಿ? ಬಿಚ್ಚಿ ಎಸೆದ್ಯಾ? ಇದ್ರಲ್ಲಿ ಯಾವುದು ಬೇಲಿದು, ಯಾವುದು ಬಾವಿದು ಅಂತ ನಂಗೇನು ಗೊತ್ತಾ... ಗೊತ್ತಾಯ್ತದೆ. ಮೂಸಿದ್ರೆ ಗೊತ್ತಾಯ್ತದೆ. ನಂಗೇ ಪರೀಕ್ಷೆನಾ? ಓಹೋ! ಮುತ್ತರಾಯಪ್ಪನಿಗೆ! ಕೊಡಿಲ್ಲಿ.

ಹೂಂ... ಇದು... ಇದು ಪರವಾಗಿಲ್ಲ, ಇನ್ನೂ ಒಂದು ತಿಂಗಳು ಬೇಕು. ಆ ಮೊರ ಕೊಡು. ಹಾಂ! ಇದು ನೋಡು! ಇದು ಮಣ್ಣು! ಮೊದಲ ಮಳೆ ಬಿದ್ದ ಹೊಲದ ವಾಸ್ನೆ, ಕಾಡಲ್ಲಿ ಎಲೆ ಕೆಳಗೆ ಕೈ ಹಾಕ್ದಂಗೆ ತಂಪು ವಾಸ್ನೆ. ಇದು ಆಗೈತೆ. ಇದನ್ನೇ ಭಾನುವಾರ ಆ ನಲವತ್ತು ಜನಕ್ಕೂ ಮೂಸಿಸ್ತೀನಿ, ಬಾಯಿ ಮುಚ್ಕೊಂಡು ಹೋಗ್ತಾರೆ. ಸರಿನಾ? ಹೇಳು. ಸರಿ ಅನ್ನು.



ಕಲ್ಪನಾ ಯಾಕೆ ಬಾಗಿಲಲ್ಲಿ ಸೆರಗು ಮೂಗಿಗೆ ಹಿಡ್ಕೊಂಡು ನಿಂತಿದ್ದಾಳೆ? ಏನಮ್ಮ ಕಲ್ಪನಾ, ನೆಗಡಿನಾ? ಅವಳ್ಯಾಕೆ ನಿನ್ನ ಮುಖ ನೋಡಿ ಒಳಕ್ಕೋದ್ಳು?

ಮಂಗಮ್ಮ, ಬೇಲಿದಾ, ಬಾವಿದಾ?

...ಇದೇನು ಬೆರಳಿಗೆ ಅಂಟ್ಕೊಂಡಿದ್ದು.

ಪುಕ್ಕ.

ಕೋಳಿ ಪುಕ್ಕ.

ಕೋಳಿ ಗೂಡಿನ ಕಸ. ಹಸಿ ಹಿಕ್ಕೆ. ಹಿತ್ತಲ ಮಣ್ಣಲ್ಲಿ ಕಲಸಿ ತಂದ್ಯಾ. ಅದನ್ನ ನಾನು ಮೂಗಿಗೆ ಹಚ್ಕೊಂಡು ಮೊದಲ ಮಳೆ ಅಂದೆ...

ನಗ್ತೀಯೇನೋ ಅಂದ್ಕೊಂಡೆ. ಈಗ ನಗಬೋದು ನೀನು. ನಗಲ್ವಾ?

ನಾಲ್ಕು ವರ್ಷ ಆಯ್ತು. ಆ ರೋಗದ ವರ್ಷ, ಆಸ್ಪತ್ರೇಲಿ ಹದಿನಾಲ್ಕು ದಿನ ಮಲಗಿದ್ನಲ್ಲ, ಅವಾಗ ಹೋದ ವಾಸ್ನೆ ಬರಲೇ ಇಲ್ಲ. ಕಾಫಿ ಇಲ್ಲ, ಮಲ್ಲಿಗೆ ಇಲ್ಲ. ರಮಾದೇವಿ ಹುಳಿ ಹೆಂಗೈತೆ ಅಂತ ಕೇಳ್ತಾಳೆ, ಬಣ್ಣ ನೋಡಿ ಹೇಳ್ತೀನಿ. ಯಾರಿಗೂ ಹೇಳಿಲ್ಲ. ಹೇಳಕ್ಕೆ ಹೆಂಗಾಯ್ತದೆ? ಚೀಲದ ಮೇಲೆ ಅಚ್ಚು ಹಾಕ್ಸಿದ್ದೀನಿ. ಮೂಗಿಲ್ಲದೋನು ಮೂಸಿ ಕೊಟ್ಟ ಮಣ್ಣು ಅಂತ ಯಾರು ತಗೋತಾರೆ? ತಪ್ಪು ಮಾಡ್ದೆ ಅಂತ ನಾನು ಹೇಳಲ್ಲ. ನಾಲ್ಕು ವರ್ಷ ಒಂದು ಚೀಲಾನೂ ವಾಪಸ್ ಬರ್ಲಿಲ್ಲ, ಬಂತಾ? ನಿನ್ನ ಕಡ್ಡಿ ಇತ್ತು. ಕಡ್ಡಿ ನೆಟ್ಟಿರೋ ರಾಶಿಗೇ ಹೋಗಿ ಮೂಸ್ತಿದ್ದೆ. ಆಗಿರೋ ರಾಶಿ ಯಾವುದು ಅಂತ ನೀನು ನಿನ್ನ ಗುರುತಿಗೆ ನೆಟ್ಕೋತೀಯ, ನಾನು ಕದ್ದು ನೋಡ್ಕೋತೀನಿ, ನಿಂಗೆ ಗೊತ್ತಿಲ್ಲ ಅಂತ... ವ್ಯಾಪಾರಸ್ಥನ ಬುದ್ಧಿ ಅಂತ ಒಳಗೊಳಗೇ ಬೀಗ್ತಿದ್ದೆ.

ಅವತ್ತು ಆ ರಾಶಿ ಮೇಲೆ ಕಡ್ಡಿ ಇರ್ಲಿಲ್ಲ. ನೋಡ್ದೆ ಮಂಗಮ್ಮ. ಕಡ್ಡಿ ಇಲ್ದೇ ಇರೋದು ನೋಡಿದ್ರೂ ‘ಆಗೈತೆ’ ಅಂದೆ. ಗಿರಾಕಿ ನಿಂತಿದ್ಳು, ಇನ್ನೂರು ಚೀಲ ಬೇಕಿತ್ತು, ಬೇರೆ ರಾಶಿ ಇರ್ಲಿಲ್ಲ.

ನಿಲ್ಲು. ನಿಲ್ಲು, ಎಲ್ಲಿಗೋದೆ... ಹೊಂಗೆ ಮರದ ಹತ್ರ ಏನ್ ಮುರೀತಿದ್ದೀಯ?

ಕಡ್ಡಿ.

ತಾಳು. ನೀನು ನಮ್ಮಲ್ಲಿಗೆ ಬಂದು ಹನ್ನೊಂದು ವರ್ಷ. ಮೊದಲ ಏಳು ವರ್ಷ ಒಂದು ರಾಶಿ ಮೇಲಾದ್ರೂ ಕಡ್ಡಿ ನೆಟ್ಟಿದ್ಯಾ? ಇಲ್ಲ. ನಂಗೆ ನೆಪ್ಪೈತೆ, ಇಲ್ಲ. ನಾನು ಆಸ್ಪತ್ರೆಯಿಂದ ಬಂದ ವಾರ... ಗೊಬ್ಬರದ ಗಾಡಿ ಇಳಿಸಿದ್ರು, ಎಲ್ಲರೂ ಮೂಗು ಮುಚ್ಕೊಂಡ್ರು, ನಾನು ಮಧ್ಯದಲ್ಲಿ ನಿಂತು ಬಾಳೆಹಣ್ಣು ತಿಂತಿದ್ದೆ. ನೀನು ಅಂಗಳದ ಆ ತುದೀಲಿ ಸಲಿಕೆ ಹಿಡ್ಕೊಂಡು ನೋಡ್ತಿದ್ದೆ. ಮಾರನೇ ದಿನ ಮೊದಲನೇ ಕಡ್ಡಿ.

ನನಗೋಸ್ಕರ ನೆಟ್ಟಿದ್ದಾ?

ಅಷ್ಟು ವರ್ಷ ಗೊತ್ತಿದ್ದೂ... ಮೂಗು ಯಾರದ್ದು ಅಂತ ನಾನು ಕೇಳಿದಾಗ್ಲೂ ಬಾಯಿ ಬಿಡ್ಲಿಲ್ಲ. ಆ ಚಂದ್ರಲೇಖಮ್ಮನ ಮುಂದೆ ಒಂದು ಮಾತು ಸಾಕಿತ್ತು ನಿಂಗೆ.

ಅಲ್ಲಿ ಬಾಗಿಲ ಸಂದೀಲಿ ಇರೋದು ನನ್ನ ಕವರ್ರಾ? ಗಂಟು ಕೂಡ ಬಿಚ್ಚಿಲ್ಲ. ಎರಡು ಮೊರದಲ್ಲಿದ್ದಿದ್ದೂ ನಿಮ್ಮ ಹಿತ್ಲದ್ದೇ. ಇಲ್ಲಿ ಇಡ್ತೀನಿ ನೋಡು, ನಿನ್ನ ಮುಂದೆ. ಕೆಂಪು ದಾರ, ಬಿಳೀ ದಾರ.

ಯಾವುದು ಆಗೈತೆ, ಮಂಗಮ್ಮ? ನನಗೆ ಗೊತ್ತಾಗ್ತಿಲ್ಲ.